ಜಿಪ್ಪು ಬಿಚ್ಚದ ಚೀಲ

ಶಿರೂರು

ಮಗಳು ಭಾಗ್ಯಜ್ಯೋತಿಗೆ ಅಪ್ಪನ ಆಶೀರ್ವಾದ, ಅದರ ಹಿಂದೆಯೇ ಆಕ್ರೋಶ!

ನನ್ನ ಕೆಮ್ಮು ನಿಂತಿದೆ. ಬೆಚ್ಚಗೆ ಮಲಗುವುದಾದರೆ ಮಾತ್ರ ಕುರಿಗಳ ಜೊತೆ ಅಡವಿಗೆ ಹೋಗಬಹುದೆಂದು ಡಾಕ್ಟರು ಹೇಳಿದ್ದಕ್ಕೆ ನೀನು ಕಳಿಸಿದ ಸ್ಲೀಪಿಂಗ್ ಬ್ಯಾಗು ಮುಟ್ಟಿತು. ಅಯ್ಯಯ್ಯೋ, ಎಂಥಾ ಚೀಲ ಆರಿಸಿದೆಯವ್ವಾ!

ನಿನ್ನೆ ಬೆಳಿಗ್ಗೆ ಅಂಗಳದಲ್ಲಿ ಅದರೊಳಗೆ ಮಲಗಿ ನೋಡಿದೆ. ನಾಯಿ ಬೊಗಳಿತು. ತೋಳ ಬಂತೆಂದು ತಿಳಿದು, "ಎಲವೋ ದುರುಳಾ!" ಎಂದು ಗರ್ಜಿಸಿ ಎದ್ದೆ. ಜಿಪ್ಪು ಕೊರಳ ಹತ್ತಿರ ಸಿಕ್ಕಿಕೊಂಡಿತು. ಕೈ ಎರಡೂ ಒಳಗೇ! ಬಡಿಗೆ ಹಿಡಿಯುವುದು ಹೇಗೆ? ಇಪ್ಪತ್ತು ವರ್ಷ ನಾಟಕದಲ್ಲಿ ರಾಜನಾಗಿ ಮೆರೆದವನು ಜೋಳದ ಚೀಲದಂತೆ ಉರುಳಿದೆ. ಟಗರು ಬಂದು ನನ್ನ ಮೀಸೆ ಮೂಸಿತು.

ನಿಮ್ಮವ್ವ ನಕ್ಕೂ ನಕ್ಕೂ, "ಕುರಿ ಕಾಯೂದಿರ್ಲಿ, ನಿಮ್ಮನ್ನ ಯಾರ್ ಕಾಯ್ಬೇಕ್ರಿ? ಈ ವರ್ಷ ಮನ್ಯಾಗ ಕುಂದರ್ರಿ," ಅಂದಳು.

ಮನೆಯಲ್ಲಿ! ನಾನು! ಕುರಿ ಬಿಟ್ಟು!

ಆದ್ದರಿಂದ ಇದನ್ನು ಬದಲಾಯಿಸು. ಜಿಪ್ಪು ಪಾದದವರೆಗೂ ಸರಕ್ಕನೆ ಬಿಚ್ಚಬೇಕು, ಹೆಗಲಿಗೆ ಅಗಲವಿರಬೇಕು, ಕೈ ಹೊರಗಿರಬೇಕು. ಅಮಾವಾಸ್ಯೆ ಮರುದಿನ ಕುರಿ ಹೊರಡುತ್ತವೆ.

ಕಳಿಸುವಾಗ ಎರಡು ಕಳಿಸು. ನಾನು ಹಟ ಬಿಡದ್ದಕ್ಕೆ, ಜಿಪ್ಪು ಬಿಚ್ಚಲು ತಾನೂ ಬರುವುದಾಗಿ ನಿಮ್ಮವ್ವ ಹೇಳುತ್ತಿದ್ದಾಳೆ. ನಾನು ಬೇಡವೆನ್ನಲಿಲ್ಲ.

ಇಂತಿ, ಇನ್ನೂ ಗುಡುಗುತ್ತಿರುವ
ನಿನ್ನಪ್ಪ ನೀಲಪ್ಪ