ಫ್ಲಾಸ್ಕಿನಲ್ಲಿ ತಂದ ಪಾಯಸ

ಡಾಕ್ಟರ್ ಸಾಧನಾ ಅವರಿಗೆ,
ಚೆಂಬೂರಿನ ಹೋಟೆಲಿನಿಂದ ಕಾಂತಪ್ಪನ ನಮಸ್ಕಾರ.

ಐಸಿಯುನಲ್ಲಿರುವ ನನ್ನ ತಮ್ಮ ಸುಕೇಶನ ರಕ್ತದಲ್ಲಿನ ಫಾಸ್ಫೇಟ್ ಅಂಶ ನಿನ್ನೆ ಕುಸಿದದ್ದಕ್ಕೆ ಸಿಸ್ಟರ್ ನಿಶಾರನ್ನು ಬಯ್ಯಬೇಡಿ. ತಪ್ಪು ನನ್ನದು. ಇಪ್ಪತ್ತು ದಿನ ಊಟ ಬಿಟ್ಟವನಿಗೆ ಒಮ್ಮೆಲೇ ತಿನ್ನಿಸಿದರೆ ಫಾಸ್ಫೇಟ್ ಇಳಿದು ಉಸಿರಾಡಲೂ ತ್ರಾಣ ಉಳಿಯುವುದಿಲ್ಲ ಎಂದು ನೀವು ಮೊದಲೇ ಹೇಳಿದ್ದಿರಿ. ದಿನಾ ಐನೂರು ಜನಕ್ಕೆ ಬಡಿಸುವವನಿಗೆ ನೀವು ಚಮಚದ ಲೆಕ್ಕದಲ್ಲಿ ಊಟ ಕೊಡಿಸುವುದು ಜಿಪುಣತನ ಅನಿಸಿತು. "ಅಣ್ಣಾ, ಹಸಿವಾಗ್ತದೆ" ಎಂದ. ಎರಡು ದಿನ ಕದ್ದು ಪಾಯಸ ಕುಡಿಸಿದೆ.

ಈಗ ಅವನ ಉಸಿರಿಗೆ ಮೆಷಿನ್ ಬೇಕಾಗಿದೆ. ನಿಮ್ಮ ಫಾಸ್ಫೇಟ್ ಡ್ರಿಪ್‌ನಿಂದ ಚೇತರಿಸಿಕೊಂಡರೆ ಮತ್ತೆ ಹಸಿವು ಅನ್ನುತ್ತಾನೆ. ಹಸಿದವನಿಗೆ ಇಲ್ಲವೆಂದು ಹೇಳಿ ನನಗೆ ಅಭ್ಯಾಸವಿಲ್ಲ.

ದಯವಿಟ್ಟು ಐಸಿಯು ಒಳಗೆ ಬರುವ ನನ್ನ ಪಾಸ್ ರದ್ದು ಮಾಡಿ. ನಾನು ಬಾಗಿಲ ಹೊರಗೇ ಕೂತಿರುತ್ತೇನೆ.

ನಿಮ್ಮ ಮಾತು ಮೀರಿದ,
ಕಾಂತಪ್ಪ