ಕೂತವರಿಗೆ ಕಾಣದ ಬೆಟ್ಟ

ಪ್ರವಾಸಿ ತಾಣಗಳ ಮಂಡಳಿಯ ಮಾನ್ಯ ನಿರ್ದೇಶಕರೇ,

ಬೆಟ್ಟದ ನೆತ್ತಿಯಲ್ಲಿರುವ ನಿಮ್ಮ ವೀಕ್ಷಣಾ ಕಟ್ಟೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತವರಿಗೆ ಬೆಟ್ಟ ಕಾಣುವುದಿಲ್ಲ. ಕಾಣುವುದು ಉಕ್ಕಿನ ತಗಡು. ಕಟ್ಟೆಯ ಸುತ್ತ ನಾಲ್ಕು ಅಡಿ ಎತ್ತರಕ್ಕೆ ಸಂದಿಯೇ ಇಲ್ಲದ ತಗಡಿನ ತಡೆಗೋಡೆ ಹಾಕಿಸಿದ್ದೀರಿ. ಕೂತವರ ಕಣ್ಣು ಮೂರೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ. ಕೆಳಗಿನ ನಿಲ್ದಾಣದಲ್ಲಿ 'ಎಲ್ಲರಿಗೂ ಎಟುಕುವ ಎತ್ತರ' ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದೀರಲ್ಲ, ಸುಳ್ಳಲ್ಲ. ಎಟುಕುತ್ತದೆ ಸ್ವಾಮಿ, ಕಾಣುವುದಿಲ್ಲ ಅಷ್ಟೇ.

ಇಷ್ಟಕ್ಕೇ ನಿಮ್ಮನ್ನು ಬೈದು ಮುಗಿಸಬಹುದಾಗಿದ್ದರೆ ನನಗೂ ಸುಖವಾಗಿರುತ್ತಿತ್ತು. ಆದರೆ ಈ ಕಟ್ಟೆ ಗಾಲಿಕುರ್ಚಿಯವರಿಗೆ ಯೋಗ್ಯವಾಗಿದೆ ಎಂದು ಪ್ರಮಾಣಪತ್ರ ಕೊಟ್ಟ ತಪಾಸಣಾ ಇಂಜಿನಿಯರ್ ನಾನೇ. ನಿವೃತ್ತಿಗೆ ಒಂದು ವರ್ಷವಿದ್ದಾಗ ಟೇಪು ಹಿಡಿದು ಎರಡು ದಿನ ಅಲ್ಲಿ ಓಡಾಡಿದೆ. ಕೇಬಲ್ ಕಾರಿನ ಬಾಗಿಲ ಅಗಲ ಅಳೆದೆ, ಇಳಿಜಾರು ಅಳೆದೆ, ಶೌಚಾಲಯದ ಹಿಡಿಕೆಯನ್ನು ಜಗ್ಗಿ ನೋಡಿದೆ. ಖಾಲಿ ಗಾಲಿಕುರ್ಚಿಯೊಂದನ್ನು ಕಟ್ಟೆಯ ತುದಿಯವರೆಗೂ ತಳ್ಳಿಕೊಂಡು ಹೋದೆ. ಬೆಣ್ಣೆಯ ಹಾಗೆ ಹೋಯಿತು. ನಮ್ಮ ಕೆಲಸದಲ್ಲಿ ಕುರ್ಚಿಯನ್ನು ಖಾಲಿ ತಳ್ಳುವುದೇ ರೂಢಿ. ಅದರಲ್ಲಿ ಒಮ್ಮೆ ಕೂರಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿಲ್ಲ, ಹೊಳೆದವರಿಗೆ ಕೂರಲು ಮನಸ್ಸಾಗಿಲ್ಲ. ನಾನು ತಡೆಗೋಡೆಗೆ ಮೊಣಕೈ ಊರಿ ನಿಂತು, ಶಿಖರಗಳ ಕಡೆ ಒಮ್ಮೆ ತಲೆಯೆತ್ತಿ, ಅಲ್ಲೇ ಸಹಿ ಹಾಕಿ, ಮಧ್ಯಾಹ್ನದ ಊಟಕ್ಕೆ ಇಳಿದುಬಂದೆ.

ಕಳೆದ ತಿಂಗಳು ನನ್ನ ಅಕ್ಕನನ್ನು ಅಲ್ಲಿಗೆ ಕರೆದೊಯ್ದೆ. ಅಕ್ಕ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು. ಆ ಬೆಟ್ಟಸಾಲನ್ನು ಪುಸ್ತಕ ನೋಡದೆ ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದಳು. ಈ ರಜೆಗೆ ಹತ್ತೋಣ, ಮುಂದಿನ ರಜೆಗೆ ಹತ್ತೋಣ ಎನ್ನುತ್ತಿದ್ದ ಹಾಗೆಯೇ ಕಾಲಿನ ಸ್ವಾಧೀನ ತಪ್ಪಿತು. ಕಟ್ಟೆಯಾದ ಮೇಲೆ ಅವಳೆದುರು ನಾನು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ: ನಾನೇ ಪಾಸು ಮಾಡಿದ ಜಾಗ, ನಿನಗೆಂದೇ ಕಟ್ಟಿಸಿದ ಹಾಗಿದೆ! ಬರೀ ಬಾಯಲ್ಲೇ ಹತ್ತಿಸ್ತೀಯೋ, ಕರ್ಕೊಂಡೂ ಹೋಗ್ತೀಯೋ ಎಂದು ಅವಳು ಛೇಡಿಸುತ್ತಿದ್ದಳು.

ಕೇಬಲ್ ಕಾರಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟಿರುವ ಜಾಗ ನಟ್ಟನಡುವೆ. ದಾರಿಯುದ್ದಕ್ಕೂ ಅಕ್ಕನಿಗೆ ಕಂಡದ್ದು ಹನ್ನೆರಡು ಜನರ ಸೊಂಟದ ಬೆಲ್ಟು. ಮೇಲೆ ಹೋಗಿ ನೋಡಿದರಾಯಿತು ಬಿಡು ಎಂದಳು. ಕಟ್ಟೆಯ ತುದಿಯಲ್ಲಿ ಕುರ್ಚಿಗೆ ಬ್ರೇಕು ಹಾಕಿದೆ. ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ನಾನು ಹಿಂದೆ ನಿಂತು ಗೈಡಿನಂತೆ ಶುರುಮಾಡಿದೆ: ಎಡಗಡೆ ಚೂಪು ಶಿಖರ ನೋಡು, ಅದರ ಕೆಳಗೆ ನದಿ ತಿರುಗುತ್ತೆ ನೋಡು. ಎಲ್ಲಕ್ಕೂ ಅವಳು "ಹೂಂ, ಅದೇ" ಎನ್ನುತ್ತಿದ್ದಳು. ಹತ್ತು ನಿಮಿಷ ಹೀಗೇ ನಡೆಯಿತು.

"ಚೆನ್ನಾಗಿ ಕಾಣ್ತಿದೆಯಾ ಅಕ್ಕಾ?"

"ನಿನ್ನ ಹೆಸರು ಚೆನ್ನಾಗಿ ಕಾಣ್ತಿದೆ ಕಣೋ."

ಬಗ್ಗಿ ನೋಡಿದೆ. ಅವಳ ಕಣ್ಣಿಗೆ ನೇರವಾಗಿ, ತಗಡಿನ ಮೇಲೆ ಹಿತ್ತಾಳೆಯ ಫಲಕವಿತ್ತು. ಈ ತಾಣ ಸರ್ವರಿಗೂ ಸುಗಮವೆಂದು ಪರಿಶೀಲಿಸಿ ದೃಢೀಕರಿಸಲಾಗಿದೆ. ಕೆಳಗೆ ನನ್ನ ಹೆಸರು, ಹುದ್ದೆ. ಫಲಕಗಳು ಗಾಲಿಕುರ್ಚಿಯವರ ಕಣ್ಣಿನ ಮಟ್ಟಕ್ಕಿರಬೇಕೆಂದು ನಿಯಮವಿದೆ. ಅದನ್ನೂ ಅಳೆದು ಸರಿಯಿದೆ ಎಂದು ಗುರುತು ಹಾಕಿದವನು ನಾನೇ. ಬೆಟ್ಟವೂ ಆ ಕಣ್ಣಿಗೆ ಕಾಣಬೇಕೆಂದು ಯಾವ ನಿಯಮದಲ್ಲಿ ಬರೆದಿದೆ, ಹೇಳಿ?

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಅದಕ್ಕಿಂತ ನಾಚಿಕೆಗೇಡಿನ ಮಾತು ಹೇಳಿಬಿಡುತ್ತೇನೆ. ಆ ಕ್ಷಣ ನಾನು ಮೊದಲು ನೋಡಿದ್ದು ಅಕ್ಕನ ಮುಖವನ್ನಲ್ಲ. ಪಕ್ಕದವರು ಯಾರಾದರೂ ಕೇಳಿಸಿಕೊಂಡರೇ ಎಂದು. ಅವಳಾದರೋ ನನ್ನ ಮಾನ ಕಾಯಲು ಹತ್ತು ನಿಮಿಷ ತಗಡಿಗೆ ಹೂಂಗುಟ್ಟಿದ್ದಳು.

ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ಉತ್ತರ ಬಂತು, ಬರದೇ ಇದ್ದಿದ್ದರೆ ಚೆನ್ನಾಗಿತ್ತು. 'ಸದರಿ ತಾಣವು ಎಲ್ಲ ಮಾನದಂಡಗಳನ್ನು ಪೂರೈಸಿರುವುದಾಗಿ ತಮ್ಮದೇ ಪ್ರಮಾಣಪತ್ರದಿಂದ ದೃಢಪಟ್ಟಿದೆ.' ಮಾಡಿದ್ದುಣ್ಣೋ ಮಹರಾಯ! ನನ್ನ ಸಹಿಯನ್ನೇ ನನ್ನ ಬಾಯಿಗೆ ತುರುಕಿದ್ದೀರಿ. ಆ ಸಹಿ ತಪ್ಪು ಎಂದು ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಅದನ್ನು ನಂಬಿದವರು ಇದನ್ನೂ ನಂಬಬೇಕು.

ಅಂದು ಮನೆಗೆ ಬಂದವಳೇ ಅಕ್ಕ ಟಿಕೆಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬೆಟ್ಟಸಾಲು ಬಿಡಿಸಿದಳು. "ಮೇಲಿಂದ ಹೀಗೇ ಇದೆಯೇನೋ? ನೀನಾದ್ರೂ ನೋಡಿದ್ದೀಯಲ್ಲ, ಹೇಳು" ಎಂದಳು. ನನಗೆ ಒಂದು ಶಿಖರವೂ ಸರಿಯಾಗಿ ನೆನಪಾಗಲಿಲ್ಲ. "ಹೂಂ, ಅದೇ" ಎಂದೆ.

ಆ ಚಿತ್ರ ಸರಿಯೋ ತಪ್ಪೋ ಅವಳೇ ಹೋಗಿ ನೋಡಬೇಕು. ತಗಡು ಕಿತ್ತು ಸರಳು ಹಾಕಿಸಿ, ಇಲ್ಲವೇ ಗಾಜು ಹಾಕಿಸಿ. ಹಿತ್ತಾಳೆಯ ಫಲಕವನ್ನು ನಾಳೆಯೇ ತೆಗೆಸಿ, ಅದಕ್ಕೆ ಟೆಂಡರು ಬೇಕಿಲ್ಲ. ಮರುತಪಾಸಣೆಗೆ ಟೇಪು ಹಿಡಿದು ನಾನೇ ಬರುತ್ತೇನೆ. ನೀವೂ ಬಂದು ಕುರ್ಚಿಯಲ್ಲಿ ಕೂರಿ. ಆದರೆ ಈ ಸಲ ಸಹಿ ಹಾಕುವವಳು ನನ್ನ ಅಕ್ಕ.

ಇಂತಿ,
ನಿಂತೇ ಸಹಿ ಹಾಕಿದವನು
(ಆ ಫಲಕ ಅಲ್ಲಿರುವವರೆಗೂ ಹೆಸರು ಬೇಕಾದವರು ಕಟ್ಟೆಗೆ ಹೋಗಿ, ಕೂತು ಓದಿಕೊಳ್ಳಬಹುದು)