ಗೋಡೆ ಎಂದಿರಲ್ಲ, ಅಪ್ಪ

ಭಾನುವಾರ, ಮಧ್ಯಾಹ್ನ

ಅಪ್ಪನಿಗೆ,

ತೀರ್ಥರೂಪರಿಗೆ ನಮಸ್ಕಾರ ಎಂದು ಬರೆಯುವುದು ರೂಢಿಯಂತೆ. ನನಗೆ ಮನಸ್ಸಾಗಲಿಲ್ಲ. ಕೈಯಾಡದ, ನಾಲಿಗೆ ಹೊರಳದ ನಿಮ್ಮ ಮಗಳಾದ ನಾನು ಇದನ್ನು ಕಣ್ಣಿನಿಂದ ಬರೆಯುತ್ತಿದ್ದೇನೆ. ಪರದೆಯ ಮೇಲಿನ ಅಕ್ಷರವನ್ನು ದಿಟ್ಟಿಸಿದರೆ ಯಂತ್ರ ಬರೆದುಕೊಳ್ಳುತ್ತದೆ, ಬೇಕೆಂದಾಗ ಓದಿ ಹೇಳುತ್ತದೆ. ನಿಧಾನದ ಕೆಲಸ. ಸಿಟ್ಟು ಹದವಾಗಿ ಬೇಯಲು ಅಷ್ಟು ಹೊತ್ತು ಬೇಕು.

ನಿಮಗೆ ಮರೆತಿರಬಹುದು. ನಾನು ಚಿಕ್ಕವಳಿದ್ದಾಗ ಮಾತು ಕಲಿಸುವ ಟೀಚರ್ ಇಂಥದ್ದೇ ಯಂತ್ರ ಹಿಡಿದು ಮನೆಗೆ ಬಂದಿದ್ದರು. ಹೆಡ್ಮಾಸ್ಟರಾದ ನೀವು ಬಾಗಿಲಲ್ಲೇ ನಿಂತು, "ಇವಳು ಗೋಡೆ ಇದ್ದ ಹಾಗೆ ಮೇಡಂ. ಗೋಡೆಗೆ ಯಾರಾದ್ರೂ ಮೈಕ್ ಹಿಡೀತಾರಾ?" ಎಂದು ನಕ್ಕು ಸಾಗಹಾಕಿದಿರಿ. ನಾನು ಅಲ್ಲೇ ಗಾಲಿಕುರ್ಚಿಯಲ್ಲಿದ್ದೆ. ಮುಂದೆ ಮನೆಯನ್ನೇ ಬಿಟ್ಟಿರಿ. ಈ ಯಂತ್ರಕ್ಕಾಗಿ ಅಮ್ಮ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು.

ಮೊನ್ನೆ ಇದ್ದಕ್ಕಿದ್ದಂತೆ ಬಂದಿರಿ. ಮಾತು ಬಾರದ ಮಕ್ಕಳಿಗೆ ನಿಮ್ಮ ಶಾಲೆಯಲ್ಲಿ ಮಾಡಿದ ಸೇವೆಗೆ ಸನ್ಮಾನವಂತೆ. "ಪುಟ್ಟಿ ಬಂದು ಒಂದ್ಮಾತು ಹೇಳಿದ್ರೆ ಸಾಕು," ಎನ್ನುತ್ತ, 'ನನ್ನ ದನಿ ನನ್ನ ಅಪ್ಪ' ಎಂಬ ಸಾಲನ್ನು ನನ್ನ ಯಂತ್ರಕ್ಕೆ ನೀವೇ ತುಂಬಿದಿರಿ. ನನ್ನನ್ನು ಕೇಳಲಿಲ್ಲ. "ಹೋಗೋದು ಬೇಡ ಬಿಡು," ಎಂದಳು ಅಮ್ಮ. ಹೋಗುತ್ತೇನೆ ಎಂದೆ.

ನಿನ್ನೆ ವೇದಿಕೆಯಲ್ಲಿ ಶಾಲು ಹೊದ್ದು ನನ್ನ ಹೆಗಲ ಮೇಲೆ ಕೈಯಿಟ್ಟಿರಿ. ನಿಮ್ಮ ಸಾಲನ್ನು ಬಿಟ್ಟು, ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ ನನ್ನದನ್ನು ದಿಟ್ಟಿಸಿದೆ. "ಅಪ್ಪ ನನ್ನನ್ನ ಗೋಡೆ ಅಂದ್ರು. ಮನೆಗೆ ಬಂದ ಯಂತ್ರಾನ ಬಾಗಿಲಿಂದಲೇ ವಾಪಸ್ ಕಳಿಸಿದ್ರು." ಯಂತ್ರಕ್ಕೆ ಅಳುಕಿಲ್ಲ ಅಪ್ಪ, ಗಂಟಲು ಕಟ್ಟುವುದಿಲ್ಲ. "ಅದೇನೋ ಕೆಟ್ಟಿದೆ, ಆಫ್ ಮಾಡಿ," ಎಂದು ನೀವು ಕೈಚಾಚುವಷ್ಟರಲ್ಲಿ ಮುಂದಿನ ಸಾಲಿನಿಂದ ಅದೇ ಟೀಚರ್ ಎದ್ದರು. "ಯಂತ್ರ ಸರಿಯಾಗೇ ಇದೆ ಸರ್. ಅವತ್ತು ತಂದೋಳು ನಾನೇ."

ನೀವು ಹಿಂಬಾಗಿಲಿನಿಂದ ಹೋದ ಮೇಲೆ ನಿಮ್ಮ ಶಾಲೆಯ ಮಗುವೊಂದರ ತಾಯಿ ಮೈಕ್ ಹಿಡಿದರು. ಮಕ್ಕಳ ಯಂತ್ರಗಳೆಲ್ಲ ನಿಮ್ಮ ಕೋಣೆಯ ಬೀರುವಿನೊಳಗಿವೆಯಂತೆ, ಅಧಿಕಾರಿಗಳು ಬಂದ ದಿನ ಮಾತ್ರ ಹೊರಬರುತ್ತವಂತೆ. ನಾಳೆ ಮಕ್ಕಳ ತಾಯಂದಿರೆಲ್ಲ ಸೇರಿ ಬೀರು ತೆಗೆಸಲು ಬರುತ್ತಾರೆ. ಬೀಗದ ಕೈ ಮರೆಯಬೇಡಿ.

ನನಗೆ ಪಶ್ಚಾತ್ತಾಪವಿಲ್ಲ. ನಿನ್ನೆ ಹೊಟ್ಟೆ ತುಂಬ ಉಂಡು ಮಲಗಿದೆ.

ಇಂತಿ,
ಇನ್ನು ಮುಂದೆ ಪುಟ್ಟಿ ಎಂದು ನೀವು ಕರೆಯಬಾರದವಳು

ತಾ.ಕ.: ಒಂದು ಮಾತನ್ನು ಸಭೆಯಲ್ಲಿ ಆಡಲಿಲ್ಲ. ನನ್ನ ಆರೈಕೆ ಸಾಕಾಗಿ ನೀವು ಮನೆ ಬಿಟ್ಟಿರೆಂದೇ ಅಮ್ಮ ಇಂದಿಗೂ ನಂಬಿದ್ದಾಳೆ. ನನ್ನ ಪಕ್ಕದಲ್ಲೇ ಕೂತು ನೀವು ಫೋನಿನಲ್ಲಿ ಆ ಇನ್ನೊಬ್ಬಳಿಗೆ, "ಮಗಳ ನೆಪ ಹೇಳಿ ಹೊರಟು ಬಂದ್ಬಿಡ್ತೀನಿ," ಎಂದದ್ದನ್ನು ಅಮ್ಮನಿಗೆ ಓದಿ ಹೇಳಲೆಂದು ಯಂತ್ರದಲ್ಲಿ ಬರೆದಿಟ್ಟಿದ್ದೇನೆ. ಅಮ್ಮ ಕೈ ಒರೆಸಿಕೊಂಡು ಇತ್ತಲೇ ಬರುತ್ತಿದ್ದಾಳೆ.